ಒಂದು ನಿಮಿಷ, ಲೈನಿನಲ್ಲೇ ಇರಿ

ಕುಂದಾಪುರದ ಒಂದು ಕಚೇರಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಯಾವ ಕಚೇರಿಯೆಂದು ಕೇಳಬೇಕಾಗಿಲ್ಲ; ಅಂಥವು ಆ ಊರಿನಲ್ಲಿ ಹಲವಿವೆ, ಉತ್ತರಕ್ಕೆ ಬೈಂದೂರಿನಲ್ಲಿಯೂ ದಕ್ಷಿಣಕ್ಕೆ ಬ್ರಹ್ಮಾವರದಲ್ಲಿಯೂ ಉಂಟು. ಹೊರಗಿನಿಂದ ಬರುವ ಲೈನುಗಳು ಮೂರು. ಒಳಗೆ ಮೇಜುಗಳ ಮೇಲಿರುವ ಟೆಲಿಫೋನುಗಳು ಹದಿನಾರು. ಇವೆರಡರ ನಡುವೆ, ಗೋಡೆಯ ಮೇಲೆ, ಧೂಳು ಹಿಡಿದ ಬೂದುಬಣ್ಣದ ಒಂದು ಪೆಟ್ಟಿಗೆ.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬೈಂದೂರಿನ ಆಚೆಯ ಹಳ್ಳಿಯಿಂದ ವೃದ್ಧೆಯೊಬ್ಬರು ಕರೆಮಾಡುತ್ತಾರೆ. ಯಜಮಾನರಿಗೆ ಬರುತ್ತಿದ್ದ ಪಿಂಚಣಿ ಎರಡು ತಿಂಗಳಿಂದ ನಿಂತಿದೆ. ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು ಕೊಟ್ಟದ್ದಾಗಿದೆ. ಅದು ಎಲ್ಲಿ ಸಿಕ್ಕಿಕೊಂಡಿದೆಯೋ ತಿಳಿಯದು. ಇಷ್ಟನ್ನೂ ಅವರು ಮೊದಲಿನಿಂದ ಸಾವಕಾಶವಾಗಿ ಹೇಳುತ್ತಾರೆ. ಮುಂಬಾಗಿಲ ಮೇಜಿನ ಹುಡುಗಿ ತಾಳ್ಮೆಯಿಂದ ಕೇಳಿ, “ಅಮ್ಮ, ಒಂಚೂರ್ ಹಿಡ್ಕಣಿ, ಅವ್ರಿಗ್ ಕೊಡ್ತೆ” ಎಂದು ಗುಂಡಿ ಒತ್ತುತ್ತಾಳೆ. ಸಂಗೀತ ಕೇಳಿಸುತ್ತದೆ. ಒಳಗಿನ ಮೇಜಿನ ಗುಮಾಸ್ತರು ಚಹಾಕ್ಕೆ ಹೋಗಿದ್ದಾರೆ. ಟೆಲಿಫೋನು ಹತ್ತು ಹನ್ನೆರಡು ಸಲ ಬಡಿದುಕೊಂಡು, ಕರೆ ಮರಳಿ ಮುಂಬಾಗಿಲಿಗೇ ಬಂದು ಬೀಳುತ್ತದೆ. ಅಷ್ಟರಲ್ಲಿ ಅಲ್ಲಿ ಬೇರೊಬ್ಬರು ಕುಳಿತಿದ್ದಾರೆ. “ಹಲೋ, ಯಾರು ಮಾತಾಡುವುದು?” ವೃದ್ಧೆ ಪುನಃ ನವೆಂಬರಿನಿಂದ ಪ್ರಾರಂಭಿಸುತ್ತಾರೆ. ಎರಡನೆಯ ಸಲ ಇನ್ನೊಂದು ಮೇಜು. ಮೂರನೆಯ ಸಲ ‘ಟಕ್’ ಎಂಬ ಸದ್ದು. ಅನಂತರ ಏನೂ ಇಲ್ಲ.

ಉಳಿದ ದಾರಿಯೆಂದರೆ ಮಾರನೆಯ ದಿನ ಬಸ್ಸು ಹತ್ತುವುದು. ಬೈಂದೂರಿನಿಂದ ಕುಂದಾಪುರಕ್ಕೆ ಹೆದ್ದಾರಿಯಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಕಿಲೋಮೀಟರು. ಹಳ್ಳಿಯಿಂದ ಹೆದ್ದಾರಿಗೆ ಬರುವುದು ಬೇರೆ. ಯಜಮಾನರನ್ನು ಒಬ್ಬರನ್ನೇ ಕಳುಹಿಸುವಂತಿಲ್ಲ. ಮಕ್ಕಳು ಬೆಂಗಳೂರಿನ ಹೋಟೆಲಿನಲ್ಲಿದ್ದಾರೆ.

ಈ ಕಚೇರಿಯಲ್ಲಿ ಒರಟಾಗಿ ಮಾತಾಡಿದವರು ಒಬ್ಬರೂ ಇಲ್ಲ. ಯಂತ್ರವೂ ಕೆಟ್ಟಿರಲಿಲ್ಲ. ಆ ವೃದ್ಧೆಯ ಕರೆಯನ್ನು ಸರಿಯಾದ ಕಿವಿಗೆ ಮುಟ್ಟಿಸಲು ಬೇಕಾದುದೆಲ್ಲ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಇದ್ದೇ ಇತ್ತು. ಆದರೆ ಅದನ್ನು ಬಳಸುವ ಬಗೆಯನ್ನು ಆ ಹದಿನಾರು ಮೇಜುಗಳವರಿಗೆ ಯಾರೂ ಕಲಿಸಿರಲಿಲ್ಲ.

ಹಿಂದೆ ಈ ವಿದ್ಯೆ ಒಬ್ಬರ ವಶದಲ್ಲಿತ್ತು. ಆಕೆಯನ್ನು, ಅಥವಾ ಆತನನ್ನು, ಆಪರೇಟರು ಎನ್ನುತ್ತಿದ್ದರು. ಮುಂಬಯಿಯಿಂದಲೋ ಬೆಂಗಳೂರಿನಿಂದಲೋ ಕುಂದಾಪುರದ ಕಡೆಗೆ ಟ್ರಂಕ್ ಕಾಲು ಬುಕ್ ಮಾಡಿ ಗಂಟೆಗಟ್ಟಲೆ ಕಾದವರು ಇನ್ನೂ ಎಷ್ಟೋ ಮನೆಗಳಲ್ಲಿದ್ದಾರೆ. ಸಾಧಾರಣ, ಅರ್ಜೆಂಟು, ಲೈಟ್ನಿಂಗ್ ಎಂದು ಕರೆಗಳಲ್ಲಿ ವರ್ಗಗಳಿದ್ದವು; ಹಣ ಹೆಚ್ಚಿದಷ್ಟೂ ಕಾಯುವುದು ಕಡಿಮೆ. ಇವುಗಳಲ್ಲದೆ ‘ಪಿ.ಪಿ. ಕಾಲು’ ಎಂಬುದೊಂದಿತ್ತು. ಇಂಥವರೊಡನೆಯೇ ಮಾತಾಡಬೇಕು ಎಂದು ಹೆಸರು ಹೇಳಿ ಬುಕ್ ಮಾಡಿದರೆ, ಆಪರೇಟರು ಆ ಕಡೆಯವರನ್ನು ಮೊದಲು ವಿಚಾರಿಸಿ, ಆ ವ್ಯಕ್ತಿ ಬಂದು ರಿಸೀವರ್ ಹಿಡಿದ ಮೇಲೆಯೇ ಮಾತನ್ನು ಕೂಡಿಸುತ್ತಿದ್ದರು. ಮಾತಿನ ಸಮಯದ ಎಣಿಕೆ ಅಲ್ಲಿಂದಾಚೆಗೆ ಆರಂಭ. ಅದಕ್ಕೆ ಪ್ರತ್ಯೇಕ ಶುಲ್ಕವಿತ್ತೆಂಬುದು ನಿಜ. ಆದರೆ ಖಾಲಿ ಕುರ್ಚಿಯೊಡನೆ ಮಾತಾಡುವ ಪ್ರಸಂಗ ಬರುತ್ತಿರಲಿಲ್ಲ.

ಆಪರೇಟರನ್ನು ನಡುವಿನಿಂದ ತೆಗೆದುಹಾಕಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತ ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯವನಾಗಿದ್ದ. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನ ಆಪರೇಟರು ತನ್ನ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆಂದು ಅವನಿಗೆ ಸಂಶಯ ಹುಟ್ಟಿತೆಂದೂ, ಆಕೆ ಪ್ರತಿಸ್ಪರ್ಧಿಯ ಹೆಂಡತಿಯೇ ಆಗಿದ್ದಳೆಂದೂ ಹೇಳುವುದುಂಟು. ಸಂಶಯ ಎಷ್ಟರಮಟ್ಟಿಗೆ ನಿಜವೋ, ಫಲವಂತೂ ನಿಜ. 1891ರಲ್ಲಿ ಅವನು ಸ್ವಯಂಚಾಲಿತ ಸ್ವಿಚ್ಚಿಗೆ ಪೇಟೆಂಟ್ ಪಡೆದ. ಮರುವರ್ಷ ಇಂಡಿಯಾನಾ ಪ್ರಾಂತದ ಲಾ ಪೋರ್ಟ್ ಎಂಬಲ್ಲಿ ಅದರ ಮೊದಲ ಎಕ್ಸ್‌ಚೇಂಜು ಕೆಲಸ ಆರಂಭಿಸಿತು. ಕರೆಮಾಡುವವನೇ ಸಂಖ್ಯೆ ತಿರುಗಿಸಿದರೆ ಸಾಕು, ನಡುವೆ ಯಾರ ದಾಕ್ಷಿಣ್ಯವೂ ಬೇಡ ಎಂಬಂತಾಯಿತು. ಭಾರತದಲ್ಲಿ ಊರಿಂದೂರಿಗೆ ಹೀಗೆ ನೇರವಾಗಿ ಮಾತಾಡುವ ಎಸ್.ಟಿ.ಡಿ. ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌಗಳ ನಡುವೆ.

ಹಳ್ಳಿಗಳ ಸರದಿ ಬರಲು ಇನ್ನೂ ಕಾಲು ಶತಮಾನ ಹಿಡಿಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ತಯಾರಿಸಿದ ಗ್ರಾಮೀಣ ಎಕ್ಸ್‌ಚೇಂಜನ್ನು ಮೊತ್ತಮೊದಲು ನಿಲ್ಲಿಸಿದ್ದು ಕರ್ನಾಟಕದಲ್ಲಿಯೇ, ಚೆನ್ನಮ್ಮನ ಕಿತ್ತೂರಿನಲ್ಲಿ, 1986ರಲ್ಲಿ. ಹವಾನಿಯಂತ್ರಣವಿಲ್ಲದ ಸಾಮಾನ್ಯ ಕೋಣೆಯಲ್ಲಿ, ನಮ್ಮ ಸೆಖೆ ಧೂಳುಗಳ ನಡುವೆ, ಅದು ನಡೆಯಬೇಕೆಂಬುದೇ ವಿನ್ಯಾಸದ ಮೊದಲ ನಿಬಂಧನೆಯಾಗಿತ್ತು. ಇಲ್ಲಿ ಗಮನಿಸತಕ್ಕದ್ದೊಂದುಂಟು. 128 ಕೊಂಡಿಗಳ ಆ ಯಂತ್ರವೂ, ದೊಡ್ಡ ಕಚೇರಿಗಳಿಗೆಂದು ಅದೇ ಸಂಸ್ಥೆ ಮಾಡಿದ ಎಕ್ಸ್‌ಚೇಂಜೂ ಬಹಳಮಟ್ಟಿಗೆ ಒಂದೇ ವಿನ್ಯಾಸದ ಒಡಹುಟ್ಟುಗಳು. ಕಚೇರಿಯ ಗೋಡೆಯ ಮೇಲಿರುವ ಇ.ಪಿ.ಎ.ಬಿ.ಎಕ್ಸ್. ಪೆಟ್ಟಿಗೆಯೆಂದರೆ ಒಂದು ಪುಟ್ಟ ಊರಿನ ಎಕ್ಸ್‌ಚೇಂಜೇ ಸರಿ. ಊರಿನ ಎಕ್ಸ್‌ಚೇಂಜಿಗೆ ಸಿಬ್ಬಂದಿ ಇರುತ್ತಿದ್ದರು. ಈ ಪೆಟ್ಟಿಗೆಗೆ ದಿಕ್ಕಿಲ್ಲ. ಸ್ಟ್ರೌಜರ್ ತೆಗೆದುಹಾಕಿದ ಆಪರೇಟರಿನ ಕೆಲಸವನ್ನು ಇದು ಹದಿನಾರು ಪಾಲು ಮಾಡಿ ಹದಿನಾರು ಮೇಜುಗಳ ಮೇಲಿಟ್ಟಿತು. ಹಂಚಿ ಬಂದ ಪಾಲು ತಮ್ಮದೆಂದು ಗುಮಾಸ್ತರಿಗೆ ಗೊತ್ತೇ ಆಗಲಿಲ್ಲ.

ಕರೆಯನ್ನು ಇನ್ನೊಂದು ಮೇಜಿಗೆ ದಾಟಿಸುವ ವಿಷಯವನ್ನೇ ತೆಗೆದುಕೊಳ್ಳಬಹುದು. ‘ಫ್ಲಾಶ್’ ಎಂಬ ಗುಂಡಿಯನ್ನು ಒತ್ತಿದರೆ ಲೈನು ಅರ್ಧ ಸೆಕೆಂಡಿನ ಆಸುಪಾಸು ಕಡಿದು ಮತ್ತೆ ಕೂಡುತ್ತದೆ. ಆ ಕ್ಷಣಮಾತ್ರದ ಕಡಿತವೇ ಪೆಟ್ಟಿಗೆಗೆ ಸಂಕೇತ. ಅದು ಹೊರಗಿನವರನ್ನು ಸಂಗೀತದ ವಶಕ್ಕೆ ಕೊಟ್ಟು, ಒಳಗಿನವರಿಗೆ ಹೊಸ ಡಯಲ್ ಟೋನ್ ಒದಗಿಸುತ್ತದೆ. ಗುಂಡಿಯಿಲ್ಲದ ಹಳೆಯ ಫೋನುಗಳಲ್ಲಿ ರಿಸೀವರ್ ಇಡುವ ಕೊಕ್ಕೆಯನ್ನೇ ತಟ್ಟಬೇಕು. ತಟ್ಟಿದ್ದು ತೀರ ಚುಟುಕಾದರೆ ಯಂತ್ರ ಅದನ್ನು ಗಮನಿಸುವುದಿಲ್ಲ. ದೀರ್ಘವಾದರೆ ಮಾತು ಮುಗಿಯಿತೆಂದು ತಿಳಿದು ಲೈನನ್ನೇ ಕಡಿದುಬಿಡುತ್ತದೆ. ವೃದ್ಧೆಗೆ ಮೂರನೆಯ ಸಲ ಕೇಳಿಸಿದ ‘ಟಕ್’ ಎಂಬುದರ ಗುಟ್ಟು ಇಷ್ಟೇ. (ತಿರುಗುವ ಚಕ್ರಕ್ಕೆ ಬೀಗ ಹಾಕಿಟ್ಟ ಕಾಲದಲ್ಲಿ, ಕೊಕ್ಕೆಯನ್ನು ಲೆಕ್ಕಹಾಕಿ ತಟ್ಟಿ ತಟ್ಟಿ ಸಂಖ್ಯೆ ಕಳುಹಿಸುತ್ತಿದ್ದ ಚಾಲಾಕಿ ಹುಡುಗರಿದ್ದರು. ಅವರಿಗೆ ಈ ಮರ್ಮ ಯಾರೂ ಹೇಳಿಕೊಡದೆ ತಿಳಿದಿತ್ತು.)

ಹೊಸ ಟೋನ್ ಬಂದ ಮೇಲೆ ಗುಮಾಸ್ತರ ಎಕ್ಸ್‌ಟೆನ್ಷನ್ ಸಂಖ್ಯೆ ಒತ್ತಬೇಕು. ಇಲ್ಲಿ ದಾರಿ ಕವಲಾಗುತ್ತದೆ. ಸಂಖ್ಯೆ ಒತ್ತಿದೊಡನೆ ರಿಸೀವರ್ ಇಟ್ಟುಬಿಡುವುದು ಒಂದು ಪದ್ಧತಿ. ಇದು ಕುರುಡು ವರ್ಗಾವಣೆ. ಇಡದೆ ಕಾದು, ಆ ಕಡೆಯವರು ಎತ್ತಿದ ಮೇಲೆ, “ಬೈಂದೂರಿನ ಕಡೆಯ ಅಮ್ಮ ಒಬ್ಬರು, ಯಜಮಾನರ ಪಿಂಚಣಿ ಎರಡು ತಿಂಗಳಿಂದ ಇಲ್ಲ, ಪತ್ರ ಕೊಟ್ಟಿದ್ದಾರಂತೆ, ಕೊಡುತ್ತೇನೆ” ಎಂದು ತಿಳಿಸಿ ಅನಂತರ ಇಡುವುದು ಇನ್ನೊಂದು. ಹಿಂದಿನವರು ಹಣ ಕೊಟ್ಟು ಪಡೆಯುತ್ತಿದ್ದ ಪಿ.ಪಿ. ಕಾಲು ಇದಲ್ಲದೆ ಬೇರೆಯಲ್ಲ. ಈಗ ಇದಕ್ಕೆ ತಗಲುವ ವೆಚ್ಚ ಹತ್ತು ಸೆಕೆಂಡು ಮಾತ್ರ. ಆ ಕಡೆ ಯಾರೂ ಎತ್ತದಿದ್ದರೆ ಮತ್ತೊಮ್ಮೆ ಫ್ಲಾಶ್ ಒತ್ತಿ ಹೊರಗಿನವರ ಬಳಿಗೆ ಮರಳಬಹುದು. ಆಗ ಅದೇ ದನಿ ಅವರಿಗೆ ಉತ್ತರ ಕೊಡುತ್ತದೆ. ಕಥೆಯನ್ನು ನವೆಂಬರಿನಿಂದ ಮತ್ತೆ ಹೇಳಬೇಕಾಗುವುದಿಲ್ಲ.

ಚಹಾಕ್ಕೆ ಹೋದವರ ಮೇಜಿನ ಮೇಲೆ ಟೆಲಿಫೋನು ಬಡಿದುಕೊಳ್ಳುವುದೂ, ಪಕ್ಕದ ಮೇಜಿನವರು ಅದನ್ನು ನೋಡುತ್ತ ಕುಳಿತಿರುವುದೂ ನಮ್ಮ ಕಚೇರಿಗಳ ನಿತ್ಯದೃಶ್ಯ. ಅವರು ಎದ್ದು ಹೋಗಬೇಕಾಗಿಲ್ಲ. ‘ಕಾಲ್ ಪಿಕಪ್’ ಎಂಬ ಸೌಕರ್ಯವಿರುವಲ್ಲಿ, ಒಂದೆರಡು ಅಂಕಿ ಒತ್ತಿದರೆ ಆ ಮೇಜಿನ ಕರೆ ತಮ್ಮ ಫೋನಿಗೇ ಬರುತ್ತದೆ. ಆ ಅಂಕಿಗಳು ಯಂತ್ರದಿಂದ ಯಂತ್ರಕ್ಕೆ ಬೇರೆ. ಬಹಳ ಕಡೆ ಹೊರಗಿನ ಲೈನಿಗೆ 0, ಆಪರೇಟರಿಗೆ 9. ಕೆಲವೆಡೆ ಇದೂ ತಿರುವುಮುರುವು. ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆ ಸಾಮಾನ್ಯವಾಗಿ ಅದನ್ನು ಕೂರಿಸಿಹೋದವನ ಚೀಲದಲ್ಲೋ ಮೇನೇಜರರ ಬೀಗದ ಡ್ರಾಯರಿನಲ್ಲೋ ಇರುತ್ತದೆ. ಅದನ್ನು ಹೊರತೆಗೆದು, ಪಿಕಪ್, ವರ್ಗಾವಣೆ, ಮರುಕರೆ ಈ ಮೂರರ ಅಂಕಿಗಳನ್ನು ಮಾತ್ರ ಚೀಟಿಯಲ್ಲಿ ಬರೆದು ಪ್ರತಿ ಫೋನಿನ ಕೆಳಗೆ ಅಂಟಿಸಿದರೆ ಸಾಕಷ್ಟಾಯಿತು. ಮರುಕರೆಯೆಂದರೆ, ಬೇಕಾದ ಎಕ್ಸ್‌ಟೆನ್ಷನ್ ಎಂಗೇಜಾಗಿದ್ದಾಗ ಅಂಕಿಯೊತ್ತಿ ಇಟ್ಟುಬಿಟ್ಟರೆ, ಅದು ಬಿಡುವಾದೊಡನೆ ಎರಡೂ ಕಡೆ ಯಂತ್ರವೇ ಗಂಟೆ ಬಾರಿಸುವ ಏರ್ಪಾಡು. ಮೂವರು ಒಟ್ಟಿಗೆ ಮಾತಾಡುವ ಕಾನ್ಫರೆನ್ಸು, ಸಾಹೇಬರನ್ನು ಯಾರೂ ಕಾಡದಂತೆ ಮಾಡುವ ಗುಂಡಿ ಮೊದಲಾದವುಗಳನ್ನು ಕಲಿಸಬೇಕಾಗಿಲ್ಲ. ಎರಡನೆಯದನ್ನಂತೂ ಸಾಹೇಬರು ಮೊದಲ ದಿನವೇ ಕಲಿತಿರುತ್ತಾರೆ.

‘ಕಾಲ್ ಫಾರ್ವರ್ಡ್’ನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತನ್ನ ಮೇಜಿಗೆ ಬಂದ ಕರೆಯನ್ನು ಪಕ್ಕದ ಕೋಣೆಗೆ ತಿರುಗಿಸಿಟ್ಟು ಹೋಗುವುದು ಒಳ್ಳೆಯ ಅಭ್ಯಾಸ. ಆದರೆ ಕುಂದಾಪುರದ ಗುಮಾಸ್ತರು ಬ್ರಹ್ಮಾವರದ ಶಾಖೆಗೆ ಹೋಗುವಾಗ ಅಲ್ಲಿನ ಫೋನಿಗೆ ತಿರುಗಿಸಿ ಹೋದರೆನ್ನಿ. ಕುಂದಾಪುರ ಬೈಂದೂರುಗಳಿಗೆ ಸ್ಥಿರ ದೂರವಾಣಿಯ ಸಂಕೇತ ಒಂದೇ, 08254; ಬ್ರಹ್ಮಾವರ ಉಡುಪಿಯ 0820ಕ್ಕೆ ಸೇರಿದೆ. ಹೊರಗಿನ ಲೈನಿಗಾಗಿ ಒಂದು ಸೊನ್ನೆ, ಮೇಲೆ ಈ ಸಂಕೇತ, ಆಮೇಲೆ ಸಂಖ್ಯೆ; ಯಾವುದೊಂದನ್ನು ಮರೆತರೂ ಕರೆಗಳು ಯಾರ ಮನೆಯ ಅಡಿಗೆಕೋಣೆಯಲ್ಲಿ ಮೊಳಗುವುವೋ ಹೇಳಲಾಗದು. ಸರಿಯಾಗಿ ಒತ್ತಿದರೂ ಇನ್ನೊಂದು ತೊಡಕಿದೆ. ಹೊರಗಿನಿಂದ ಬಂದ ಕರೆಯನ್ನು ಹೀಗೆ ಪುನಃ ಹೊರಕ್ಕೆ ಕಳುಹಿಸಲು ಪೆಟ್ಟಿಗೆ ಎರಡು ಲೈನುಗಳನ್ನು ಹಿಡಿಯುತ್ತದೆ, ಬಂದುದಕ್ಕೊಂದು, ಹೋಗುವುದಕ್ಕೊಂದು. ಇರುವ ಮೂರರಲ್ಲಿ ಎರಡು ಒಂದೇ ಮಾತಿಗೆ ಮುಡಿಪಾದರೆ ಉಳಿದ ಊರಿಗೆಲ್ಲ ಒಂದೇ ಲೈನು. “ಆ ಕಚೇರಿಯ ಫೋನು ಯಾವಾಗಲೂ ಎಂಗೇಜು” ಎಂಬ ದೂರಿನ ಮೂಲ ಇಂಥ ಕಡೆ ಇರುವುದುಂಟು.

ಕರಾವಳಿಯ ಕಚೇರಿಗಳಿಗೆ ಇನ್ನೊಂದು ಶತ್ರುವುಂಟು. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಸಿಡಿಲು ತಂತಿಯ ದಾರಿಯಾಗಿ ಒಳಗೆ ನುಗ್ಗುತ್ತದೆ. ಲೈನುಗಳು ಒಳಬರುವಲ್ಲಿ ಅನಿಲ ತುಂಬಿದ ಪುಟ್ಟ ರಕ್ಷಕನಳಿಗೆಗಳಿದ್ದರೆ ಅವು ಆ ಹೊಡೆತವನ್ನು ನೆಲಕ್ಕೆ ಇಳಿಸಬಲ್ಲವು, ನೆಲ ಅದನ್ನು ಸ್ವೀಕರಿಸುವಂತಿದ್ದರೆ. ಅಲ್ಲಿನ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸುಲಭವಾಗಿ ಒಳಬಿಡದು. ಸಿಡಿಲು ಹೆಚ್ಚಿರುವುದೂ ಆಗಲೇ. ಅರ್ತಿಂಗ್ ಗುಂಡಿಗೆ ವಾರಕ್ಕೊಮ್ಮೆ ಕೊಡಪಾನ ನೀರು ಹೊಯ್ಯುವ ಜವಾನನು ಸಾವಿರಾರು ರೂಪಾಯಿಯ ಯಂತ್ರವನ್ನು ಕಾಯುತ್ತಿದ್ದಾನೆಂದು ತಿಳಿಯಬೇಕು. ಕರೆಂಟು ಹೋದಾಗಿನ ಸಂಗತಿಯೂ ಹಾಗೆಯೇ. ಎಕ್ಸ್‌ಚೇಂಜಿನಿಂದ ತಾಮ್ರದ ತಂತಿಯಲ್ಲಿ ನೇರವಾಗಿ ಬರುವ ಟೆಲಿಫೋನಿಗೆ ಅಲ್ಲಿನ ಬ್ಯಾಟರಿಗಳೇ 48 ವೋಲ್ಟಿನ ಆಹಾರ ಕಳುಹಿಸುತ್ತವೆ; ಮನೆಯೆಲ್ಲ ಕತ್ತಲಾದರೂ ಅದು ಮಾತಾಡುತ್ತದೆ. ಕಚೇರಿಯ ಪೆಟ್ಟಿಗೆ ಹಾಗಲ್ಲ. ತನ್ನದೇ ಬ್ಯಾಟರಿ ಇಲ್ಲದಿದ್ದರೆ ಹದಿನಾರು ಫೋನುಗಳೂ ಒಮ್ಮೆಗೇ ಮೂಕವಾಗುತ್ತವೆ. ಅಂಥ ಹೊತ್ತಿನಲ್ಲಿ ಹೊರಗಿನ ಒಂದು ಲೈನನ್ನು ಗೊತ್ತುಮಾಡಿದ ಒಂದು ಫೋನಿಗೆ ತಾನಾಗಿಯೇ ಜೋಡಿಸುವ ಏರ್ಪಾಡು ಎಷ್ಟೋ ಯಂತ್ರಗಳಲ್ಲಿದೆ. ಆ ಫೋನು ಯಾವುದೆಂದು ಮುಂದಾಗಿ ತಿಳಿದಿರಬೇಕಷ್ಟೆ. ಈಚೆಗೆ ತಾಮ್ರದ ತಂತಿ ಬಿಟ್ಟು ಕಂಪ್ಯೂಟರ್ ಜಾಲದ ಮೇಲೆ ಓಡುವ ಫೋನುಗಳನ್ನು ತರಿಸಿಕೊಂಡ ಕಚೇರಿಗಳೂ ಇವೆ. ಗುಂಡಿಗಳ ಮೇಲಿನ ಹೆಸರು ಸ್ಫುಟವಾಗಿದೆ. ಕುರುಡು ವರ್ಗಾವಣೆ ಅಲ್ಲಿಯೂ ಕುರುಡೇ.

ಸಂಜೆ ಐದರ ಮೇಲೆ ಏನು? ‘ನೈಟ್ ಮೋಡ್’ ಎಂಬುದನ್ನು ಒತ್ತಿ ಹೋದರೆ, ಹೊರಗಿನ ಕರೆಗಳೆಲ್ಲ ಖಾಲಿ ಮುಂಬಾಗಿಲಿನಲ್ಲಿ ಮೊಳಗುವ ಬದಲು ಗೇಟಿನ ಕಾವಲುಗಾರನ ಗೂಡಿನಲ್ಲಿ ಮೊಳಗುತ್ತವೆ. ಅವನಿಗೆ ಪಿಂಚಣಿಯ ಕಡತ ಗೊತ್ತಿರಬೇಕಾದುದಿಲ್ಲ. ಫೋನಿನ ಪಕ್ಕದಲ್ಲಿ ಒಂದು ನೋಟುಬುಕ್ಕು, ದಾರ ಕಟ್ಟಿದ ಒಂದು ಪೆನ್ಸಿಲು. ಹೆಸರು, ಊರು, ನಂಬರು, ವಿಷಯ ಎಂದು ನಾಲ್ಕು ಮನೆ ಎಳೆದ ಹಾಳೆ. ಬೆಳಿಗ್ಗೆ ಹತ್ತಕ್ಕೆ ಅದು ಮುಂಬಾಗಿಲ ಮೇಜಿಗೆ ಬರುತ್ತದೆ. ಹತ್ತೂಕಾಲಕ್ಕೆ ಬೈಂದೂರಿನ ಆಚೆಯ ಮನೆಯೊಂದರಲ್ಲಿ ಫೋನು ಮೊಳಗಿ, ಬಸ್ಸಿಗೆ ಹೊರಡಲೆಂದು ಸೀರೆಯುಟ್ಟು ನಿಂತಿದ್ದವರು ಚಪ್ಪಲಿ ಕಳಚಿ ಒಳಗೆ ಬರುತ್ತಾರೆ.