ಮೊದಲ ಹೆಜ್ಜೆ ಯಾರದು?

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ತೋರಾಳಿಯಲ್ಲಿ ಸಿಆರ್‌ಪಿಎಫ್‌ನ ಕೋಬ್ರಾ ಪಡೆಗೆ ಕಾಡಿನ ಕಾಳಗ ಕಲಿಸುವ ಶಾಲೆಯಿದೆ. ಇಲ್ಲಿ ಪಳಗಿದ ಹುಡುಗರು ನಕ್ಸಲ್ ಪೀಡಿತ ಕಾಡುಗಳಿಗೆ ಹೋಗುತ್ತಾರೆ. ಅಲ್ಲಿ ಕಾಲುದಾರಿಯ ಮಣ್ಣಿನಡಿ ನಕ್ಸಲರು ಬಾಂಬ್ ಹೂತಿರುತ್ತಾರೆ; ಮೇಲೆ ಭಾರ ಬಿದ್ದರೆ ಸಾಕು, ಸಿಡಿಯುತ್ತದೆ. ಯಂತ್ರ ಇಡಬಲ್ಲ ಹೆಜ್ಜೆಯನ್ನು ಅಂಥ ನೆಲದ ಮೇಲೆ ಮನುಷ್ಯನಿಂದ ಇಡಿಸುವುದು ಅನ್ಯಾಯ ಎಂಬುದೇ ನನ್ನ ವಾದ.

ಯಂತ್ರವೇನೂ ಹೊಸತಲ್ಲ. ಉತ್ತರ ಐರ್ಲೆಂಡಿನಲ್ಲಿ ಬಾಂಬ್ ನಿಷ್ಕ್ರಿಯಗೊಳಿಸಲು ಹೋದವರೇ ಸಾಯುತ್ತಿದ್ದಾಗ ಬ್ರಿಟಿಷ್ ಸೇನೆ 1972ರಲ್ಲೇ ‘ವೀಲ್‌ಬ್ಯಾರೋ’ ಎಂಬ ರೋಬೋಟನ್ನು ಇಳಿಸಿತು. ಬೆಳಗಾವಿಯಿಂದ ಹೆದ್ದಾರಿ ಹಿಡಿದರೆ ಸಿಗುವ ಪುಣೆಯಲ್ಲಿ ಡಿಆರ್‌ಡಿಒ ‘ದಕ್ಷ್’ ಎಂಬ ರೋಬೋಟನ್ನು ರೂಪಿಸಿತು. 2011ರಲ್ಲಿ ಅದು ಸೇನೆಯ ಕೈಸೇರಿತು. ಅರ್ಧ ಕಿಲೋಮೀಟರ್ ದೂರ ನಿಂತು ನಡೆಸಬಹುದು. ಮೆಟ್ಟಿಲು ಹತ್ತುತ್ತದೆ, ಎಕ್ಸ್‌ರೇ ಹಿಡಿದು ಚೀಲದೊಳಗೆ ಇಣುಕುತ್ತದೆ, ನೀರನ್ನು ಗುಂಡಿನ ರಭಸದಲ್ಲಿ ಚಿಮ್ಮಿಸಿ ಬಾಂಬಿನ ಸರ್ಕ್ಯೂಟ್ ಹರಿದುಹಾಕುತ್ತದೆ.

ಬೆಳಗಾವಿ ಬಸ್ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಚೀಲ ಕಂಡರೆ ಇಷ್ಟು ಸಾಕು. ಖಾನಾಪುರದ ಕಾಡಿನಂಥ ನೆಲಕ್ಕೆ ಸಾಲದು. ಮಳೆಗಾಲದಲ್ಲಿ ಕೆಸರು ಚಕ್ರಕ್ಕೆ ಮೆತ್ತುತ್ತದೆ, ಬೇರು ಬಿದಿರು ಅಡ್ಡ ಬರುತ್ತವೆ, ದಟ್ಟ ಮರಗಳ ನಡುವೆ ರೇಡಿಯೊ ಸಿಗ್ನಲ್ ಸೊರಗುತ್ತದೆ. ವೈರಿ ರಿಮೋಟ್ ಒತ್ತಿ ಸಿಡಿಸದಿರಲೆಂದು ಜಾಮರ್ ಹಾಕಿದರೆ ನಮ್ಮ ರೋಬೋಟಿನ ಸಂಪರ್ಕವೂ ತಪ್ಪಬಹುದು. ಕೇಬಲ್ ಕಟ್ಟಿ ಬಿಡೋಣವೆಂದರೆ ಅದು ಮುಳ್ಳುಕಂಟಿಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಕಾಡಿನಲ್ಲಿ ಇಂದಿಗೂ ಮುಂದೆ ನಡೆಯುವುದು ಬೆಂಗಳೂರಿನ ಬಳಿಯ ತರಳುವಿನಂಥ ಕಡೆ ತರಬೇತಿ ಪಡೆದ ನಾಯಿ, ಅದರ ಹಿಂದೆ ಹಗ್ಗ ಹಿಡಿದ ಜವಾನ. ಆ ನಾಯಿಯ ಜೀವವೂ ಜೀವವೇ.

ಯಂತ್ರ ಬಂದರೆ ಸೈನಿಕನ ಕೆಚ್ಚು ಕುಗ್ಗುತ್ತದೆ ಎನ್ನುವವರಿದ್ದಾರೆ. ಮರಾಠಾ ಲೈಟ್ ಇನ್ಫಂಟ್ರಿಯ ಕೇಂದ್ರವಿರುವ ಬೆಳಗಾವಿಗೆ ಕೆಚ್ಚಿನ ಪಾಠ ಬೇಕಿಲ್ಲ. ಆದರೆ ಕೆಚ್ಚೊಂದೇ ಜೀವ ಉಳಿಸದು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ಉಗ್ರರ ದಾಳಿಯಾದಾಗ ಬೆಂಗಳೂರಿನಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ಇ.ಕೆ. ನಿರಂಜನ್ ತೀರಿಕೊಂಡರು. ಅವರು ಎನ್‌ಎಸ್‌ಜಿ ಕಮಾಂಡೊ ಪಡೆಯ ಬಾಂಬ್ ದಳದವರು. ಸತ್ತ ಉಗ್ರನ ದೇಹದ ಬಳಿಯಿದ್ದಾಗ ಗ್ರೆನೇಡ್ ಸಿಡಿಯಿತು. ಅವರ ಧೈರ್ಯಕ್ಕೆ ಸಾಕ್ಷಿ ಬೇಡ. ಆ ಶವವನ್ನು ದೂರದಿಂದ ಹೊರಳಿಸುವ ಕಬ್ಬಿಣದ ಕೈಯೊಂದು ಬೇಕಿತ್ತು ಎಂದು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೊಸ ರೋಬೋಟ್ ಕೊಳ್ಳುವ ಮುನ್ನ ಪ್ರದರ್ಶನದ ಸಪಾಟು ನೆಲದಲ್ಲಿ ಓಡಿಸಿ ಚಪ್ಪಾಳೆ ತಟ್ಟಿದರೆ ಸಾಲದು. ಜುಲೈ ತಿಂಗಳಲ್ಲಿ ತೋರಾಳಿಗೆ ತರಲಿ, ಕಣಕುಂಬಿ ಕಡೆಯ ಮಳೆಯಲ್ಲಿ ಬಿಡಲಿ. ನಾಳೆ ಅದರ ಹಿಂದೆ ನಡೆಯಬೇಕಾದ ಜವಾನರೇ ಪರೀಕ್ಷಿಸಲಿ. ಅವರು ಬೇಡವೆಂದ ಯಂತ್ರಕ್ಕೆ ಬಿಲ್ ಪಾಸಾಗಬಾರದು.