ಗುಳೆ ಬಂದವರ ಸಂಘಟನೆ: ಊರು, ಕರಾವಳಿ ಕೈಜೋಡಿಸಲಿ

ನಮ್ಮ ಕರಾವಳಿಯಲ್ಲಿ ಕಲ್ಲು, ಮರಳು, ಸಿಮೆಂಟು ಹೊರುವವರನ್ನು ಊರು ಯಾವುದೆಂದು ಕೇಳಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಉತ್ತರ ಸಾಮಾನ್ಯ. ವಿಜಯಪುರ ಜಿಲ್ಲೆಯ ಈ ತಾಲೂಕುಗಳಿಂದ ಸುಗ್ಗಿ ಮುಗಿದೊಡನೆ ಜನ ಗುಳೆ ಹೊರಡುತ್ತಾರೆ. ಮಳೆ ಬಿದ್ದಾಗ ಮರಳುತ್ತಾರೆ.

ಈ ಓಡಾಟವೇ ಸಂಘಟನೆಗೆ ತೊಡಕು. ಕರಾವಳಿಯ ಕಾರ್ಮಿಕ ಸಂಘಕ್ಕೆ ಆತ ಆರು ತಿಂಗಳ ಸದಸ್ಯ. ಊರಿನ ಪ್ರಗತಿಪರ ಕಾರ್ಯಕರ್ತರಿಗೆ ಆತ ಬೀಗ ಹಾಕಿದ ಮನೆ. ಕಟ್ಟಡದಿಂದ ಬಿದ್ದು ಸತ್ತರೆ ಶವ ಊರು ಸೇರುತ್ತದೆ, ಕೆಲಸದ ಸಾಕ್ಷಿ ಇಲ್ಲೇ ಉಳಿಯುತ್ತದೆ. ಪರಿಹಾರ ಕೇಳುವವರು ಯಾರು?

ಕಾನೂನೂ ಪೂರ್ತಿ ನೆರವಾಗಿಲ್ಲ. 1979ರ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಇತ್ತು. ಗೋವಾಕ್ಕೆ ಹೋದವನು ಅದರೊಳಗೆ, ಮಂಗಳೂರಿಗೆ ಬಂದವನು ಹೊರಗೆ. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲೂ ಈ ಗೆರೆ ಅಳಿಸಿಲ್ಲ. ಉಳಿದದ್ದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ಅದರ ನೋಂದಣಿಗೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಬೇಕು. ದಿನಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುವವನಿಗೆ ಅದನ್ನು ಬರೆದುಕೊಡುವವರು ಯಾರು?

ಕೈಜೋಡಿಸಿದರೆ ಏನಾಗುತ್ತದೆಂಬುದನ್ನು 2020ರ ಲಾಕ್‌ಡೌನ್ ತೋರಿಸಿತು. ಮೇ ಮೊದಲ ವಾರ ರಾಜ್ಯ ಸರಕಾರ ವಲಸಿಗರ ರೈಲುಗಳನ್ನು ರದ್ದುಪಡಿಸಿತು. ಕಾರ್ಯಕರ್ತರು ಸಿಕ್ಕಿಬಿದ್ದವರ ಅಹವಾಲು ಕೇಳಿ ದಾಖಲಿಸಿದರು, ಎಐಸಿಸಿಟಿಯು ಕಾರ್ಮಿಕ ಸಂಘಟನೆ ಹೈಕೋರ್ಟಿನಲ್ಲಿ ವಲಸಿಗರ ಪರ ನಿಂತಿತು. ಎಲ್ಲೆಡೆಯಿಂದ ಟೀಕೆ ಬಂದಾಗ ಕೆಲವೇ ದಿನಗಳಲ್ಲಿ ರೈಲುಗಳು ಮತ್ತೆ ಹೊರಟವು.

ಆದರೆ ಕಷ್ಟ ಕಳೆದೊಡನೆ ಹಳೆಯ ಅನುಮಾನ ಮರಳುತ್ತದೆ. ಸಂಘದವರಿಗೆ ಕಾರ್ಯಕರ್ತರೆಂದರೆ ಯೋಜನೆ ಮುಗಿದರೆ ಹೊರಡುವವರು. ಕಾರ್ಯಕರ್ತರಿಗೆ ಸಂಘವೆಂದರೆ ಚಂದಾ ಮತ್ತು ಪಕ್ಷದ ಬಾವುಟ. ಎರಡೂ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದ್ದರಿಂದ ಕೆಲಸ ಹಂಚಿಕೊಳ್ಳುವುದೇ ದಾರಿ ಎಂದು ನಮಗೆ ತೋರುತ್ತದೆ. ಗುಳೆ ಹೊರಡುವ ಮುನ್ನ ಊರಿನಲ್ಲೇ ಹೆಸರು, ಆಧಾರ್, ಬ್ಯಾಂಕ್ ಖಾತೆಯ ಕಾಗದಗಳನ್ನು ಕಾರ್ಯಕರ್ತರು ಸಿದ್ಧಪಡಿಸಲಿ. ಇಲ್ಲಿ ಸಂಘ ಕೆಲಸದ ದಿನಗಳನ್ನು ಲೆಕ್ಕವಿಟ್ಟು ದೃಢೀಕರಿಸಲಿ. ಒಂದೇ ಸದಸ್ಯತ್ವ ಎರಡೂ ಕಡೆ ನಡೆಯಲಿ. ಮುಂದಾಳುಗಳು ಗುಳೆ ಬಂದವರೇ ಆಗಲಿ, ಮಹಿಳೆಯರೂ ಇರಲಿ.

ನಮ್ಮ ಪಾಲೂ ಇದೆ. ಮನೆ ಕಟ್ಟಿಸುವವರು ನಾವೇ ಅಲ್ಲವೇ? ದುಡಿದವನ ಹೆಸರು, ದಿನ, ಕೂಲಿ ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕೋಣ. ನಾಳೆ ಅವನ ಮಕ್ಕಳಿಗೆ ಅದೇ ಆಧಾರವಾದೀತು.