ಹುಲ್ಲುಹಾಸೂ ಹುಲ್ಲುಹೊದಿಕೆಯೂ

ಕೋಲಾರದ ಚಿನ್ನದ ಗಣಿಗಳಿಗೆ ಬಂದ ಆಂಗ್ಲರು ತಮ್ಮ ಬಂಗಲೆಗಳ ಮುಂದೆ ಹುಲ್ಲುಹಾಸನ್ನು ಬೆಳೆಸಿದರು. ಗಣಿಗಳು 2001ರಲ್ಲಿ ಮುಚ್ಚಿದವು; ಆ ಅಭಿರುಚಿ ಮಾತ್ರ ಕಾಮಸಮುದ್ರದ ಹೊಸ ಮನೆಗಳ ಅಂಗಳದವರೆಗೂ ಹಬ್ಬಿದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಲ್ಲಿ, ಯಾರ ಹಸಿವನ್ನೂ ನೀಗದ ಹುಲ್ಲಿಗೆ ಕೊಳವೆಬಾವಿಯ ನೀರೆರೆಯುವುದು ಯಾವ ಸೊಗಸು?

ಇದಕ್ಕೆ ಮದ್ದೂ ಹುಲ್ಲೇ. ಹಾಸನ್ನು ನೆಲಮಟ್ಟಕ್ಕೆ ಕೊಯ್ದು, ನೆನೆಸಿ, ಗೇಣು ದಪ್ಪಕ್ಕೆ ಒಣಹುಲ್ಲು ಹೊದಿಸಿದರೆ, ಬೆಳಕು ಕಾಣದ ಹಸುರು ಅಲ್ಲಿಯೇ ಕೊಳೆತು ಗೊಬ್ಬರವಾಗುತ್ತದೆ. ನೆಲದ ತೇವವೂ ಬೇಗ ಆರದು. ಗರಿಕೆಯೊಂದು ಹಟಮಾರಿ; ಅದು ತಲೆಯೆತ್ತಿದಲ್ಲೆಲ್ಲ ಮತ್ತಷ್ಟು ಹುಲ್ಲು ಹೇರಬೇಕು. ಬಳಿಕ ಹೊದಿಕೆಯನ್ನು ಅಲ್ಲಲ್ಲಿ ಸರಿಸಿ ಬದನೆ, ಕುಂಬಳಗಳನ್ನು ನೆಡಬಹುದು. ಅಮೆರಿಕದ ರೂತ್ ಸ್ಟೌಟ್ ಎಂಬ ಮಹಿಳೆ ಇಂಥ ತೋಟಗಾರಿಕೆಯನ್ನು ಕುರಿತು 1955ರಲ್ಲಿಯೇ ಪುಸ್ತಕ ಬರೆದರು.

ಆದರೆ ಆ ನಾಡಿನ ಕ್ರಮವನ್ನು ಇದ್ದಂತೆಯೇ ಅನುಸರಿಸುವುದು ನಮಗೆ ಸಲ್ಲದು. ನಮ್ಮಲ್ಲಿ ರಾಗಿಹುಲ್ಲು ದನಗಳ ಅನ್ನ. ಬೇಸಗೆಗೆಂದು ಒಟ್ಟಿದ ಮೆದೆಯನ್ನು ಕೊಂಡು ತಂದು ಬದನೆಯ ಬುಡಕ್ಕೆ ಹಾಸಿದರೆ, ನೀರಿನ ಅನ್ಯಾಯವನ್ನು ನೀಗಿ ಮೇವಿನ ಅನ್ಯಾಯವನ್ನು ಕಟ್ಟಿಕೊಂಡಂತೆ. ಗೋದಲಿಯಲ್ಲಿ ದನ ತಿಂದು ಬಿಟ್ಟ ಹುಲ್ಲು, ಮಳೆಗೆ ಸಿಕ್ಕಿ ಮುಗ್ಗಿದ ಹುಲ್ಲು, ಮರದಡಿಯ ತರಗು, ಇವೇ ಹೊದಿಕೆಗೆ ಸಾಕು. ಹಸುವಿನ ಪಾಲು ಹಸುವಿಗೇ ಇರಲಿ. ಅದು ಉಳಿಸಿದ್ದರಲ್ಲಿ ನಮ್ಮ ಸಾರಿಗೆ ತರಕಾರಿ ಬೆಳೆಯಲಿ.